ಬೆಕ್ಕು ನೆಪ, ಮಾತು ಮೂಲ

ದಿಲ್ಲಿಯಲ್ಲಿ ಕೆಂಪು ದೀಪಕ್ಕೆ ನಿಲ್ಲದ ಗಾಡಿಯೂ ಬೆಕ್ಕು ಅಡ್ಡ ಬಂದರೆ ನಿಲ್ಲುತ್ತದೆ. ನಗಬೇಡಿ, ಮೂವತ್ತು ವರ್ಷ ಈ ಊರಿನ ಧೂಳು ಕುಡಿದವನ ಮಾತು ಇದು. ಡ್ರೈವರ್ ಬ್ರೇಕ್ ಹಾಕಿ ಕಾಯುತ್ತಾನೆ. ಹಿಂದಿನಿಂದ ಬಂದ ಇನ್ನೊಬ್ಬ ಮೊದಲು ದಾಟಲಿ, ಅಪಶಕುನ ಏನಿದ್ದರೂ ಅವನ ಖಾತೆಗೆ ಜಮಾ ಆಗಲಿ ಅಂತ. ಈ ಒಂದು ವಿಷಯದಲ್ಲಿ ನಮ್ಮ ತಿಪಟೂರಿನ ಎತ್ತಿನ ಗಾಡಿಯವನಿಗೂ ನೋಯ್ಡಾದ ಕ್ಯಾಬಿನವನಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೆ ಬೆಕ್ಕು ಕೋರ್ಟಿಗೇ ಅಡ್ಡ ಬಂದರೆ ಏನು ಮಾಡುವುದು? ಅಲ್ಲಿ ಹಿಂದಿನವನನ್ನು ಮುಂದೆ ಬಿಡುವ ಹಾಗಿಲ್ಲ. ನ್ಯಾಯಾಧೀಶರೇ ದಾಟಬೇಕು!

ನಮ್ಮ ಕರ್ನಾಟಕ ಹೈಕೋರ್ಟಿಗೆ ಹಾಗೆ ಅಡ್ಡ ಬಂದ ಬೆಕ್ಕಿನ ಹೆಸರು ಡೇಸಿ. ಬೆಂಗಳೂರಿನ ಬೆಕ್ಕು. ಒಂದು ದಿನ ಕಾಣೆಯಾಯಿತು. ಪಕ್ಕದ ಮನೆಯವರೇ ಹಿಡಿದಿಟ್ಟುಕೊಂಡಿದ್ದಾರೆ, ಸಿಸಿಟಿವಿ ನೋಡಿದರೆ ಗೊತ್ತಾಗುತ್ತದೆ ಅಂತ ಒಡತಿಯ ದೂರು. ಪೊಲೀಸರು ಕೇಸು ಹಾಕಿದರು, ಅಷ್ಟಕ್ಕೇ ಬಿಡದೆ ಚಾರ್ಜ್‌ಶೀಟನ್ನೂ ಸಲ್ಲಿಸಿದರು. ಆರೋಪಿ ಹೈಕೋರ್ಟಿಗೆ ಓಡಿದರು. ಬೆಕ್ಕು ಅಂದಮೇಲೆ ಕಿಟಕಿಯಿಂದ ಬರುತ್ತದೆ, ಕಿಟಕಿಯಿಂದ ಹೋಗುತ್ತದೆ, ಅದಕ್ಕೆ ನಾವೇನು ಮಾಡೋಣ ಅನ್ನುವುದು ಅವರ ವಾದ. 2024ರ ಜುಲೈನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಮುಂದಿನ ವಿಚಾರಣೆಗೆ ತಡೆ ಕೊಟ್ಟರು. ಡೇಸಿ ಎಂಬ ಬೆಕ್ಕು ಎಲ್ಲರನ್ನೂ ಕ್ರೇಜಿ ಮಾಡಿಬಿಟ್ಟಿದೆ ಅಂತ ಪ್ರಾಸ ಹಾಕಿಯೇ ಆದೇಶದಲ್ಲಿ ಬರೆದರು. ಮುಂದೆ ಆ ಕೇಸು ರದ್ದೂ ಆಯಿತು.

ಸುದ್ದಿ ಬಂದ ದಿನ ನಮ್ಮ ದಿಲ್ಲಿ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ನಗುವೋ ನಗು. ಬೆಕ್ಕನ್ನು ಸಾಕ್ಷಿಗೆ ಕರೆಸಬೇಕಿತ್ತು ಅಂತ ಒಬ್ಬರು, "ಮಿಯಾಂವ್" ಅಂದರೆ ತಪ್ಪೊಪ್ಪಿಗೆಯೋ ನಿರಾಕರಣೆಯೋ ಅಂತ ಇನ್ನೊಬ್ಬರು. ನಾನೂ ನಕ್ಕೆ. ಆದರೆ ಬ್ಯಾಂಕಿನವನ ಬುದ್ಧಿ ನೋಡಿ, ನಗು ಮುಗಿದ ಕೂಡಲೇ ಲೆಕ್ಕ ಶುರುವಾಗುತ್ತದೆ. ಆ ಚಾರ್ಜ್‌ಶೀಟಿನ ಕಲಮುಗಳು ಯಾವುವು ಅಂತ ನೋಡಿದೆ. ಭಾರತೀಯ ದಂಡ ಸಂಹಿತೆಯ 504, 506, 509. ಒಂದು ಬೇಕೆಂದೇ ಅವಮಾನ ಮಾಡಿ ಕೆಣಕುವುದು, ಇನ್ನೊಂದು ಬೆದರಿಕೆ ಹಾಕುವುದು, ಮೂರನೆಯದು ಮಾತು ಅಥವಾ ಸನ್ನೆಯಿಂದ ಹೆಣ್ಣಿನ ಮಾನಕ್ಕೆ ಕುಂದು ತರುವುದು.

ಗಮನಿಸಿದಿರಾ? ಮೂರರಲ್ಲಿ ಒಂದರಲ್ಲೂ ಬೆಕ್ಕಿಲ್ಲ. ಮೂರೂ ಮನುಷ್ಯರ ಬಾಯಿಗೆ ಸಂಬಂಧಪಟ್ಟವು. ಬೆಕ್ಕನ್ನು ಹುಡುಕಿಕೊಡುವ ಕಲಮು ಯಾವುದೂ ಅಲ್ಲ. ಅಂದರೆ ಬೆಕ್ಕು ಬರೀ ನೆಪ, ಮಾತೇ ಮೂಲ. ಆ ಎರಡು ಮನೆಗಳ ನಡುವೆ ಯಾರು ಯಾರಿಗೆ ಏನಂದರು ಅನ್ನುವುದು ನನಗೆ ಬೇಡ, ಅದು ನಮ್ಮ ಕೆಲಸವೂ ಅಲ್ಲ. ಸಾಕಿದ ಪ್ರಾಣಿ ಕಳೆದುಕೊಂಡವರ ಸಂಕಟವೂ ಸುಳ್ಳಲ್ಲ. ನಾನು ಹೇಳುವುದು ಇಷ್ಟೇ. ನಾವು "ಬೆಕ್ಕಿನ ಕೇಸು" ಅಂತ ನಗುವ ಬಹಳಷ್ಟು ಕೇಸುಗಳು ಬೆಕ್ಕಿನವಲ್ಲ, ಮಾತು ಕೆಟ್ಟ ನೆರೆಹೊರೆಯವು.

ಬೆಕ್ಕಿದ್ದ ಮಾತ್ರಕ್ಕೆ ಕೇಸು ಹಾಸ್ಯಾಸ್ಪದವಾಗುವುದಿಲ್ಲ ಅನ್ನುವುದಕ್ಕೆ ಪಕ್ಕದ ಕೇರಳದ ಉದಾಹರಣೆ ಕೊಡುತ್ತೇನೆ. 2020ರ ಏಪ್ರಿಲ್, ಲಾಕ್‌ಡೌನ್ ಕಾಲ. ಕೊಚ್ಚಿಯ ಒಬ್ಬರ ಮನೆಯಲ್ಲಿ ಮೂರು ಬೆಕ್ಕು. ಮನೆಯವರು ಶುದ್ಧ ಸಸ್ಯಾಹಾರಿಗಳು, ಮೀನು ಮಾಂಸ ಮನೆಯಲ್ಲಿ ಬೇಯಿಸುವ ಹಾಗಿಲ್ಲ. ಬೆಕ್ಕುಗಳಿಗೆ "ಮಿಯೋ ಪರ್ಶಿಯನ್" ಅನ್ನುವ ಬಿಸ್ಕತ್ತೇ ಆಗಬೇಕು. ಏಳು ಕಿಲೋ ಪೊಟ್ಟಣ ಮೂರು ವಾರಕ್ಕೆ ಬರುತ್ತದಂತೆ. ಬಿಸ್ಕತ್ತು ತರಲು ಪೊಲೀಸರ ಹತ್ತಿರ ಪಾಸು ಕೇಳಿದರು, ಸಿಗಲಿಲ್ಲ. ನೇರ ಹೈಕೋರ್ಟಿಗೆ ಹೋದರು. ಕೇರಳ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಜಯಶಂಕರನ್ ನಂಬಿಯಾರ್ ಮತ್ತು ಶಾಜಿ ಪಿ. ಚಾಲಿ, ಏಪ್ರಿಲ್ 6ರಂದು ಹೋಗಲು ಅನುಮತಿ ಕೊಟ್ಟರು. ಪ್ರಾಣಿಗಳನ್ನು ಹಸಿವೆಗೆ ದೂಡುವಂತಿಲ್ಲ ಅನ್ನುವ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನೂ, 2014ರ ಸುಪ್ರೀಂ ಕೋರ್ಟಿನ ಜಲ್ಲಿಕಟ್ಟು ತೀರ್ಪನ್ನೂ ನೆನಪಿಸಿದರು. ಕೊನೆಗೆ ಅವರೂ ಒಂದು ಪದಚಮತ್ಕಾರ ಮಾಡಿದರು, ಮನೆಯಲ್ಲಿ "ಕ್ಯಾಟಾಸ್ಟ್ರಫಿ" ಆಗದಿರಲಿ ಅಂತ.

ಎರಡೂ ಬೆಕ್ಕಿನ ಕೇಸೇ. ಎರಡರಲ್ಲೂ ನ್ಯಾಯಮೂರ್ತಿಗಳು ನಗೆಯಾಡಿದ್ದಾರೆ. ಆದರೆ ಕೊಚ್ಚಿಯ ಮನುಷ್ಯನಿಗೆ ತಟ್ಟಲು ಬೇರೆ ಬಾಗಿಲೇ ಇರಲಿಲ್ಲ. ಅಡ್ಡ ನಿಂತಿದ್ದು ನೆರೆಯವನಲ್ಲ, ಸರ್ಕಾರದ ನಿಯಮ. ಅದನ್ನು ಸರಿಸಲು ಕೋರ್ಟೇ ಬೇಕು. ಬೆಂಗಳೂರಿನ ಕೇಸಿನಲ್ಲಿ ಬಾಗಿಲು ಪಕ್ಕದಲ್ಲೇ ಇತ್ತು. ಕೋರ್ಟು ಮಾತ್ರ ಕೊಡಬಲ್ಲದ್ದನ್ನು ಕೋರ್ಟಿನಲ್ಲಿ ಕೇಳಿದರೆ, ಕೇಳಿದ್ದು ಬೆಕ್ಕಿನ ಬಿಸ್ಕತ್ತಾದರೂ ಅದು ದೊಡ್ಡ ಕೇಸು. ಪಕ್ಕದ ಮನೆಯ ಬೆಲ್ಲು ಒತ್ತಿದರೆ ಮುಗಿಯುವುದನ್ನು ಕೋರ್ಟಿನಲ್ಲಿ ಕೇಳಿದರೆ, ಎಷ್ಟು ಕಲಮು ಹಾಕಿದರೂ ಅದು ಚಿಕ್ಕ ಕೇಸು.

ಇನ್ನು ಬೆಕ್ಕಿನ ಬೆಲೆಯ ವಿಷಯ. ಸಾಲಕ್ಕೆ ಅಡವಿಟ್ಟ ಆಸ್ತಿಯ ಬೆಲೆ ಕಟ್ಟಿಸುವುದು ನನ್ನ ದಿನನಿತ್ಯದ ಕೆಲಸ, ಹಾಗಾಗಿ ಈ ಭಾಗ ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1860ರ ದಂಡ ಸಂಹಿತೆಯ 428ನೇ ಕಲಮಿನ ಪ್ರಕಾರ ಹತ್ತು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಶಿಕ್ಷೆ. ಆನೆ, ಒಂಟೆ, ಕುದುರೆ, ಹಸು, ಎತ್ತುಗಳಿಗಾದರೆ 429ನೇ ಕಲಮು, ಬೆಲೆ ಎಷ್ಟೇ ಇರಲಿ. ಬೆಕ್ಕಿನ ಹೆಸರು ಆ ಪಟ್ಟಿಯಲ್ಲಿಲ್ಲ. ಅದು ದೊಡ್ಡ ಕಲಮಿಗೆ ಬರಬೇಕಾದರೆ ಐವತ್ತು ರೂಪಾಯಿ ಬಾಳಬೇಕು! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಈ ಹತ್ತು-ಐವತ್ತರ ಲೆಕ್ಕ ತೆಗೆದುಹಾಕಿದ್ದಾರೆ. 325ನೇ ಕಲಮು, ಯಾವ ಪ್ರಾಣಿಯಾದರೂ ಸರಿ, ಐದು ವರ್ಷದವರೆಗೆ ಸಜೆ. ಆದರೆ 1960ರ ಕಾಯ್ದೆಯಲ್ಲಿ ಪ್ರಾಣಿಗೆ ಹಿಂಸೆ ಕೊಟ್ಟ ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. ಇವತ್ತಿನ ದಿಲ್ಲಿಯಲ್ಲಿ ಪಾರ್ಕಿಂಗಿನವನು ಇದಕ್ಕಿಂತ ಜಾಸ್ತಿ ಕೇಳುತ್ತಾನೆ.

ಸಾವಿರ ವರ್ಷದ ಹಿಂದೆ ಬ್ರಿಟನ್ನಿನ ವೇಲ್ಸ್ ನಾಡಿನವರು ನಮಗಿಂತ ಚೊಕ್ಕಟವಾಗಿ ಯೋಚಿಸಿದ್ದರು. ಹೈವೆಲ್ ಎಂಬ ರಾಜನ ಹೆಸರಿನ ಕಾನೂನುಗಳಲ್ಲಿ ಬೆಕ್ಕಿಗೆ ಬೆಲೆಪಟ್ಟಿಯೇ ಇದೆ. ಹುಟ್ಟಿದ ಮರಿ ಕಣ್ಣು ಬಿಡುವ ತನಕ ಒಂದು ಪೆನ್ನಿ, ಇಲಿ ಹಿಡಿಯುವ ತನಕ ಎರಡು, ಇಲಿ ಹಿಡಿಯಲು ಕಲಿತ ಮೇಲೆ ನಾಲ್ಕು. ಮಾರಿದವನು ಗ್ಯಾರಂಟಿಯನ್ನೂ ಕೊಡಬೇಕು. ಕಣ್ಣು ಕಿವಿ ಸರಿಯಿರಬೇಕು, ಉಗುರು ಪೂರ್ತಿ ಇರಬೇಕು, ಇಲಿ ಹಿಡಿಯಬೇಕು, ತನ್ನ ಮರಿ ತಿನ್ನಬಾರದು. ನನಗೆ ಇದು ತೀರಾ ಅರ್ಥವಾಗುವ ಲೆಕ್ಕ. ತಿಪಟೂರಿನಲ್ಲಿ ನಮ್ಮಜ್ಜಿ ಅಟ್ಟದ ಮೇಲೆ ಕೊಬ್ಬರಿ ಪೇರಿಸಿದ ದಿನದಿಂದ ಬೆಕ್ಕಿಗೆ ಹಾಲಿನ ಪಾಲು ಹೆಚ್ಚಿಸುತ್ತಿದ್ದರು. ಕೊಬ್ಬರಿ ಮಾರಿದ ಮೇಲೆ ಹಾಲಿನ ಜೊತೆ ನೀರೂ ಸೇರುತ್ತಿತ್ತು. ಅಜ್ಜಿ ಹೈವೆಲ್ಲನ ಹೆಸರು ಕೇಳಿದವರಲ್ಲ, ಆದರೆ ಕಾನೂನು ಒಂದೇ.

ನಮ್ಮ ಕಡೆ ಬೆಕ್ಕಿನ ಕೇಸಿನ ಕಥೆಗಳಿಗೇನು ಬರ. ಮರ್ಯಾದೆ ರಾಮನದು ಅಂತಲೋ ತೆನಾಲಿ ರಾಮನದು ಅಂತಲೋ ನೀವೂ ಕೇಳಿರುತ್ತೀರಿ. ನಾಲ್ವರು ಹತ್ತಿ ವ್ಯಾಪಾರಿಗಳು ಪಾಲುದಾರಿಕೆಯಲ್ಲಿ ಒಂದು ಬೆಕ್ಕು ಸಾಕಿದರು, ತಲೆಗೊಂದು ಕಾಲು ಅಂತ ಹಂಚಿಕೊಂಡರು. ಒಬ್ಬನ ಪಾಲಿನ ಕಾಲಿಗೆ ಗಾಯವಾಯಿತು. ಅವನು ಎಣ್ಣೆ ಬಟ್ಟೆ ಸುತ್ತಿದ. ಅದಕ್ಕೆ ದೀಪದ ಬೆಂಕಿ ತಗಲಿತು, ಬೆಕ್ಕು ಗೋದಾಮಿಗೆ ಓಡಿತು, ಹತ್ತಿ ಸುಟ್ಟು ಬೂದಿ. ಉಳಿದ ಮೂವರು ನಾಲ್ಕನೆಯವನ ಮೇಲೆ ದಾವೆ ಹಾಕಿದರು. ತೀರ್ಪು ಏನಾಯಿತು? ಗಾಯದ ಕಾಲು ನಡೆಯಲಾರದು, ಬೆಕ್ಕನ್ನು ಗೋದಾಮಿಗೆ ಹೊತ್ತೊಯ್ದದ್ದು ನಿಮ್ಮ ಮೂರು ಗಟ್ಟಿ ಕಾಲುಗಳು, ಹಾಗಾಗಿ ನೀವೇ ಅವನಿಗೆ ನಷ್ಟ ತುಂಬಿಕೊಡಿ!

ಬಿಕಾಂನಲ್ಲಿ 1932ರ ಪಾಲುದಾರಿಕೆ ಕಾಯ್ದೆ ಓದುವಾಗ ಈ ಕಥೆ ನೆನಪಾಗಿ ನಗು ಬರುತ್ತಿತ್ತು. ಅದರ 25ನೇ ಕಲಮಿನ ಪ್ರಕಾರ ಸಂಸ್ಥೆಯ ಕೆಲಸಕ್ಕೆ ಪಾಲುದಾರರೆಲ್ಲ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. ಬೆಕ್ಕಿನ ಕಾಲು ಬೇರೆ ಮಾಡಲು ಬರುವುದಿಲ್ಲ ಅನ್ನುವುದೇ ಇದರ ತಾತ್ಪರ್ಯ. ಆದರೆ ಈಗ ಈ ವಯಸ್ಸಿನಲ್ಲಿ ಕಥೆ ಬೇರೆ ರೀತಿ ಕಾಣುತ್ತದೆ. ಗೆದ್ದವನಿಗೂ ಸುಟ್ಟ ಹತ್ತಿ ವಾಪಸು ಬರಲಿಲ್ಲ. ನಾಲ್ವರ ವ್ಯಾಪಾರ ಮುಂದೆ ಉಳಿಯಿತು ಅಂತ ಕಥೆ ಎಲ್ಲೂ ಹೇಳುವುದಿಲ್ಲ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ.

ಹಾಗಂತ ಬೆಕ್ಕನ್ನು ಕೋರ್ಟಿಗೆಳೆಯುವ ಹುಚ್ಚು ನಮ್ಮೊಬ್ಬರದೇ ಅಂದುಕೊಳ್ಳಬೇಡಿ. ಅಮೆರಿಕದ ಜಾರ್ಜಿಯಾ ರಾಜ್ಯದ ಅಗಸ್ಟಾ ಊರಿನಲ್ಲಿ ಬ್ಲ್ಯಾಕಿ ಅಂತ ಒಂದು "ಮಾತಾಡುವ ಬೆಕ್ಕು" ಇತ್ತು. ಅದನ್ನು ಬೀದಿಯಲ್ಲಿ ತೋರಿಸಿ ದಂಪತಿಗಳು ಕಾಸು ಪಡೆಯುತ್ತಿದ್ದರು. ವ್ಯಾಪಾರದ ಲೈಸೆನ್ಸ್ ತಗೊಳ್ಳಿ ಅಂತ ನಗರಾಡಳಿತ ಹೇಳಿತು. ಇವರು ವಾಕ್ ಸ್ವಾತಂತ್ರ್ಯ ಅಂತ ಕೇಸು ಹಾಕಿದರು. 1983ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಲೈಸೆನ್ಸ್ ಬೇಕೇ ಬೇಕು ಅಂದಿತು. ಬೆಕ್ಕಿನ ಸ್ವಂತ ವಾಕ್ ಸ್ವಾತಂತ್ರ್ಯದ ಬಗ್ಗೆ ಏನಂದಿತು ಗೊತ್ತೇ? ಅದಕ್ಕೆ ಮಾತು ಬರುತ್ತದಲ್ಲ, ಬೇಕಿದ್ದರೆ ತಾನೇ ಬಂದು ವಾದಿಸಲಿ ಅನ್ನುವ ಧಾಟಿಯಲ್ಲಿ ಅಡಿಟಿಪ್ಪಣಿ ಹಾಕಿತು.

ಸಿಡುಕು ಮುಖದ "ಗ್ರಂಪಿ ಕ್ಯಾಟ್" ನೆನಪಿದೆಯಾ? ಅದರ ಚಿತ್ರವನ್ನು ಒಪ್ಪಂದ ಮೀರಿ ಬಳಸಿದ ಕಾಫಿ ಪಾನೀಯದ ಕಂಪನಿಯ ಮೇಲೆ 2018ರಲ್ಲಿ ಬೆಕ್ಕಿನ ಕಡೆಯವರು 7,10,001 ಡಾಲರ್ ಗೆದ್ದರು. ಕೊನೆಯ ಆ ಒಂದು ಡಾಲರ್ ಒಪ್ಪಂದ ಮುರಿದದ್ದಕ್ಕೆ! ಮದುವೆಯ ಮುಯ್ಯಿಗೆ ನಾವು ಒಂದು ರೂಪಾಯಿ ಸೇರಿಸುವ ಹಾಗೆ.

ಹಳೆಯದು ಬೇಕಾದರೆ ಹದಿನಾರನೆಯ ಶತಮಾನದ ಫ್ರಾನ್ಸಿಗೆ ಹೋಗಿ. ಓತನ್ ಎಂಬಲ್ಲಿ ಬಾರ್ಲಿ ಬೆಳೆ ತಿಂದ ಇಲಿಗಳ ಮೇಲೆ ಚರ್ಚಿನ ಕೋರ್ಟಿನಲ್ಲಿ ಕೇಸು ನಡೆಯಿತು ಅನ್ನುವ ಕಥೆ ಇದೆ. ಇಲಿಗಳ ವಕೀಲ ಶಾಸೆನೆ. ನನ್ನ ಕಕ್ಷಿದಾರರು ಹಾಜರಾಗಲು ಸಿದ್ಧರಿದ್ದಾರೆ ಸ್ವಾಮಿ, ಆದರೆ ದಾರಿಯುದ್ದಕ್ಕೂ ದೂರುದಾರರ ಬೆಕ್ಕುಗಳು ಹೊಂಚು ಹಾಕಿವೆ, ಜೀವಭಯವಿದ್ದವನು ಸಮನ್ಸಿಗೆ ಬರಬೇಕಾಗಿಲ್ಲ ಅಂತ ವಾದಿಸಿದನಂತೆ. ನಗು ಬರುತ್ತದೆ ನಿಜ. ಆದರೆ ಬಲವಂತನ ಬಾಗಿಲು ದಾಟಿ ಕೋರ್ಟಿಗೆ ಹೋಗಬೇಕಾದ ಬಡವನ ಕಷ್ಟ ಗೊತ್ತಿದ್ದವರಿಗೆ ಆ ವಾದ ಅಷ್ಟೇನೂ ತಮಾಷೆಯಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಡೇಸಿ ಕೇಸಿನಲ್ಲೂ ಅದೇ ಗಾದೆ. ನಮಗೆ ನಿಮಗೆ ಅದು ಒಂದು ಬೆಳಗಿನ ಫಾರ್ವರ್ಡು. ಆರೋಪಿ ಸ್ಥಾನದಲ್ಲಿ ನಿಂತವನಿಗೆ? ಚಾರ್ಜ್‌ಶೀಟು ಅಂದರೆ ಪಾಸ್‌ಪೋರ್ಟಿಗೆ ತೊಡಕು, ನೌಕರಿಯ ಪೊಲೀಸ್ ತಪಾಸಣೆಗೆ ತೊಡಕು, ವಕೀಲರ ಫೀಸು, ರಜೆ, ರಾತ್ರಿ ನಿದ್ದೆ. ಹೈಕೋರ್ಟು ಮುಟ್ಟುವ ಶಕ್ತಿ ಇದ್ದವನು ಪಾರಾದ. ಇಲ್ಲದವನು ತಾರೀಕಿನ ಮೇಲೆ ತಾರೀಕು ಹೊರುತ್ತಾನೆ. ದೇಶದಲ್ಲಿ 5 ಕೋಟಿಗೂ ಮೀರಿ ಕೇಸುಗಳು ಬಾಕಿ ಇವೆ. ಜಮೀನು ಕಳೆದುಕೊಂಡ ರೈತ, ಪಿಂಚಣಿ ನಿಂತುಹೋದ ವಿಧವೆ, ಎಲ್ಲರೂ ಅದೇ ಸಾಲಿನಲ್ಲಿ ನಿಂತಿದ್ದಾರೆ. ನಮ್ಮ ಒಂದೊಂದು ಜಂಬದ ಕೇಸೂ ಅವರನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳುತ್ತದೆ.

ನಮ್ಮ ದಿಲ್ಲಿ ಸುತ್ತಲಿನ ಸೊಸೈಟಿಗಳಲ್ಲಿ ಇಂಥ ಕೇಸಿಗೆ ಬೇಕಾದ ಹದ ಸದಾ ಇರುತ್ತದೆ. 2022ರ ಕೊನೆಗೆ ನೋಯ್ಡಾ ಪ್ರಾಧಿಕಾರ ನಾಯಿಗಳ ಜೊತೆಗೆ ಬೆಕ್ಕುಗಳನ್ನೂ 2023ರ ಜನವರಿ 31ರೊಳಗೆ ನೋಂದಾಯಿಸಬೇಕು ಅಂದಿತು. ಸಾಕುಪ್ರಾಣಿಯಿಂದ ಯಾರಿಗಾದರೂ ಗಾಯವಾದರೆ 10,000 ರೂಪಾಯಿ ದಂಡ, ಮೇಲೆ ಚಿಕಿತ್ಸೆಯ ಖರ್ಚು. ಇತ್ತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿ, ನಿವಾಸಿಗಳ ಸಂಘಗಳು ಸಾಕುಪ್ರಾಣಿ ಇಟ್ಟುಕೊಳ್ಳುವುದನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಿಂದ ದೂರ ಇಡುವಂತಿಲ್ಲ ಅಂದಿದೆ. ಒಬ್ಬರ ಕೈಯಲ್ಲಿ ಮೊದಲ ಕಾಗದ, ಇನ್ನೊಬ್ಬರ ಕೈಯಲ್ಲಿ ಎರಡನೆಯದು. ಮಧ್ಯೆ ಬೆಕ್ಕು.

ನಮ್ಮ ಬ್ಲಾಕಿನಲ್ಲೇ ಒಂದು ಬೂದು ಬೆಕ್ಕಿನ ಮರಿಗಳು ಕಾರಿನ ಬಾನೆಟ್ಟಿನಲ್ಲಿ ಸೇರಿಕೊಂಡು ಎರಡು ಮನೆಗಳು ಪೊಲೀಸ್ ಚೌಕಿಯ ಮಾತಾಡುವ ಮಟ್ಟ ತಲುಪಿದ್ದವು. ಗುಂಪಿನಲ್ಲಿ ವೀಡಿಯೋ, ಪ್ರತಿ-ವೀಡಿಯೋ, ಕಲಮುಗಳ ಹೆಸರು. ಕೊನೆಗೆ ಎರಡನೇ ಮಹಡಿಯ ನಿವೃತ್ತ ಮಾಸ್ತರಜೀ ಇಬ್ಬರನ್ನೂ ಸಂಜೆ ಚಹಾಕ್ಕೆ ಕರೆದರು. ಹತ್ತು ವರ್ಷ ಒಂದೇ ಲಿಫ್ಟಿನಲ್ಲಿ ಓಡಾಡಿದ ಇಬ್ಬರಿಗೆ ಒಬ್ಬರ ಮಗಳು ಯಾವ ಕಾಲೇಜಿನಲ್ಲಿದ್ದಾಳೆ ಅಂತ ಇನ್ನೊಬ್ಬರಿಗೆ ಅವತ್ತು ಗೊತ್ತಾಯಿತು. ಮರಿಗಳಿಗೆ ಮೀಟರ್ ರೂಮಿನ ಪಕ್ಕ ರಟ್ಟಿನ ಡಬ್ಬ ಸಿಕ್ಕಿತು. ಖರ್ಚು ನಾಲ್ಕು ಕಪ್ ಚಹಾ ಮತ್ತು ಮಠರಿ.

ಇದನ್ನೇ ದಿಲ್ಲಿ ಹೈಕೋರ್ಟು 2025ರ ಸೆಪ್ಟೆಂಬರಿನಲ್ಲಿ ಬೇರೆ ರೀತಿ ಮಾಡಿ ತೋರಿಸಿತು. ಸಾಕುಪ್ರಾಣಿಯ ವಿಷಯಕ್ಕೆ ಜಗಳವಾಡಿ ಪರಸ್ಪರ ಎಫ್‌ಐಆರ್ ಹಾಕಿಕೊಂಡ ನೆರೆಯವರು ರಾಜಿಯಾಗಿ ಬಂದಿದ್ದರು. ಒಬ್ಬರದು ಪಿಜ್ಜಾ ವ್ಯಾಪಾರ. ನ್ಯಾಯಮೂರ್ತಿ ಅರುಣ್ ಮೋಂಗಾ ಎರಡೂ ಎಫ್‌ಐಆರ್ ರದ್ದು ಮಾಡಿ, ಜಿಟಿಬಿ ಆಸ್ಪತ್ರೆ ಹತ್ತಿರದ ಸಂಸ್ಕಾರ ಆಶ್ರಮದ ಮಕ್ಕಳಿಗೆ ಇಬ್ಬರೂ ಸೇರಿ ಪಿಜ್ಜಾ ಮತ್ತು ಮಜ್ಜಿಗೆ ಹಂಚಿ ಅಂದರು. ನನಗೆ ಇದು ಬಹಳ ಹಿಡಿಸಿತು. ಜಗಳವಾಡಿದವರು ಒಂದು ದಿನವಾದರೂ ಒಟ್ಟಿಗೆ ಬಡಿಸುವವರಾದರು.

ನೀವು ಕೇಳಬಹುದು, ಎಲ್ಲ ಬ್ಲಾಕಿನಲ್ಲೂ ಮಾಸ್ತರಜೀ ಇರುತ್ತಾರೇನು ಸ್ವಾಮಿ? ಇರುವುದಿಲ್ಲ. ಅಲ್ಲದೆ ಎದುರಿನವನು ನಿಜಕ್ಕೂ ಬೆದರಿಸಿದರೆ, ಹೆಣ್ಣುಮಕ್ಕಳಿಗೆ ಕೆಟ್ಟ ಮಾತಾಡಿದರೆ, ಪ್ರಾಣಿಗೆ ವಿಷ ಹಾಕಿದರೆ ಚಹಾಕ್ಕೆ ಕರೆಯುವ ಮಾತೇ ಇಲ್ಲ, ನೇರ ಠಾಣೆಗೆ ಹೋಗಬೇಕು. ಅಂಥದ್ದಕ್ಕೇ ಆ ಕಲಮುಗಳಿರುವುದು. ಆದರೆ ಅಲ್ಲಿಗೆ ಮುಟ್ಟದ ಜಗಳಗಳಿಗೆ ಕಾನೂನೇ ಅಡ್ಡದಾರಿ ಇಟ್ಟಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಲೋಕ ಅದಾಲತ್ತಿನಲ್ಲಿ ಬ್ಯಾಂಕಿನ ಪರವಾಗಿ ಎಷ್ಟೋ ಶನಿವಾರ ಕೂತಿದ್ದೇನೆ. ಅಲ್ಲಿ ರಾಜಿಯಾದರೆ ಅದೇ ಕೋರ್ಟಿನ ಡಿಕ್ರಿ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಫೀಸೂ ವಾಪಸು. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಂತೂ ಒಂದು ಬಡಾವಣೆಯ ನೆಮ್ಮದಿ ಕೆಡಿಸುವ ಜಗಳಗಳಿಗೆ ಸಮುದಾಯ ಮಧ್ಯಸ್ಥಿಕೆ ಅಂತ ಒಂದು ಅಧ್ಯಾಯವೇ ಇದೆ. ನಮ್ಮ ಊರ ಅರಳಿಕಟ್ಟೆಯ ಪಂಚಾಯ್ತಿಗೆ ಕೋಟು ಹಾಕಿಸಿದ್ದಾರೆ ಅಷ್ಟೆ. ಪೊಲೀಸರೂ "ಬೆಕ್ಕು ಕಾಣೆ" ಅಂತ ಬಂದವರನ್ನು ಮೊದಲು ಈ ಬಾಗಿಲಿಗೆ ಕಳಿಸುವುದು ಕಲಿತರೆ ಒಳ್ಳೆಯದು. ಬ್ಯಾಂಕಿನಲ್ಲಿ ವಸೂಲಿಯ ಖರ್ಚು ಸಾಲಕ್ಕಿಂತ ಹೆಚ್ಚಾಗುತ್ತದೆ ಅಂತ ಕಂಡರೆ ನಾವು ದಾವೆ ಹಾಕುವ ಮೊದಲು ಹತ್ತು ಸಲ ಯೋಚಿಸುತ್ತೇವೆ. ಜಗಳಕ್ಕೂ ಅದೇ ಲೆಕ್ಕ ಯಾಕಿರಬಾರದು?

2026ರ ಜನವರಿಯಲ್ಲಿ ಬೀದಿನಾಯಿಗಳ ಕೇಸಿನ ವಿಚಾರಣೆಯಲ್ಲಿ, ನಾಯಿ ತೆಗೆದರೆ ಇಲಿ ಹೆಚ್ಚುತ್ತದೆ ಅನ್ನುವ ವಾದ ಬಂದಾಗ, ಹಾಗಾದರೆ ಬೆಕ್ಕುಗಳನ್ನು ಪ್ರೋತ್ಸಾಹಿಸೋಣ ಅಂತ ಸುಪ್ರೀಂ ಕೋರ್ಟು ಲಘುವಾಗಿ ಅಂದಿತು. ಬೆಕ್ಕುಗಳು ಹೆಚ್ಚಾದರೆ ಆಗಲಿ, ನನ್ನ ತಕರಾರಿಲ್ಲ. ಬೆಕ್ಕಿನ ಕೇಸುಗಳು ಹೆಚ್ಚಾಗದಿದ್ದರೆ ಸಾಕು.

ಪಂಚತಂತ್ರದಲ್ಲಿ ಮೊಲಕ್ಕೂ ಕಪಿಂಜಲ ಪಕ್ಷಿಗೂ ಮನೆಯ ವಿಷಯಕ್ಕೆ ಜಗಳ ಬರುತ್ತದೆ. ಇಬ್ಬರೂ ಮಾತಾಡಿ ಮುಗಿಸದೆ, ನದಿ ದಂಡೆಯಲ್ಲಿ ತಪಸ್ಸು ಮಾಡುವ ಬೆಕ್ಕಿನ ಹತ್ತಿರ ನ್ಯಾಯಕ್ಕೆ ಹೋಗುತ್ತಾರೆ. ವಯಸ್ಸಾಯಿತು, ಕಿವಿ ಕೇಳಿಸದು, ಹತ್ತಿರ ಬಂದು ಹೇಳಿ ಅನ್ನುತ್ತದೆ ಬೆಕ್ಕು. ಹತ್ತಿರ ಹೋದ ಇಬ್ಬರನ್ನೂ ಒಂದೇ ಸಲಕ್ಕೆ ಮುಗಿಸುತ್ತದೆ. ನಮ್ಮ ಕೋರ್ಟುಗಳು ಆ ಬೆಕ್ಕಲ್ಲ, ಖಂಡಿತ ಅಲ್ಲ. ಆದರೆ ಕಾಲ ಅನ್ನುವ ಬೆಕ್ಕು ಅಲ್ಲಿ ಕೂತಿದೆ. ವಾದಿಯನ್ನೂ ತಿನ್ನುತ್ತದೆ, ಪ್ರತಿವಾದಿಯನ್ನೂ ತಿನ್ನುತ್ತದೆ.

ಊರು ಬಿಟ್ಟು ಇಷ್ಟು ದೂರ ಬಂದವರು ನಾವು. ಅಣ್ಣ ತಮ್ಮ, ಅತ್ತಿಗೆ ನಾದಿನಿ ಎರಡು ಸಾವಿರ ಕಿಲೋಮೀಟರ್ ಆಚೆ ಇದ್ದಾರೆ. ರಾತ್ರಿ ಎದೆ ನೋವು ಬಂದರೆ ಮೊದಲು ಬಾಗಿಲು ತೆಗೆಯುವವನು ಪಕ್ಕದ ಮನೆಯ ಶರ್ಮಾಜಿಯೇ. ಅವನ ಬೆಕ್ಕು ನಿಮ್ಮ ಹಾಲು ಕುಡಿದಿದ್ದರೆ ಹೋಗಲಿ ಬಿಡಿ, ಅರ್ಧ ಲೀಟರ್ ಮದರ್ ಡೇರಿ ಇನ್ನೊಂದು ತಂದರಾಯಿತು.